ಒಬ್ಬನೇ ಹೋದರೆ ಏನು ಖುಷಿ?

ಪ್ರಶ್ನೆ: ಭಾನುವಾರ ಬೆಳಗ್ಗೆ ಒಬ್ಬನೇ ಕಾರು ತೆಗೆದುಕೊಂಡು ಘಟ್ಟದ ರಸ್ತೆಯಲ್ಲಿ ಸುತ್ತುವ ಆಸೆ. ಮನೆಯಲ್ಲಿ ‘ಒಬ್ಬನೇ ಹೋದ್ರೆ ಏನು ಖುಷಿ?’ ಅಂತಾರೆ. ಎಲ್ಲಿಗೆ ಹೋಗಲಿ, ಹೇಗೆ ಓಡಿಸಲಿ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಖಂಡಿತ ಹೋಗಿ. ಪಕ್ಕದಲ್ಲಿ ಯಾರಾದರೂ ಕೂತರೆ ನಾನು ಮಾತಿಗಿಳಿಯುತ್ತೇನೆ. ಒಬ್ಬನೇ ಇದ್ದರೆ ಕಿವಿ ಎಂಜಿನ್ ಮೇಲೆ, ಕಣ್ಣು ಮುಂದಿನ ತಿರುವಿನ ಮೇಲೆ. ನನ್ನ ಅಚ್ಚುಮೆಚ್ಚಿನ ದಾರಿ ಕಳಸದಿಂದ ಸಂಸೆಯ ಟೀ ತೋಟಗಳನ್ನು ಹಾದು ಕುದುರೆಮುಖಕ್ಕೆ, ಅಲ್ಲಿಂದ ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿಯಾದ ಎಸ್.ಕೆ. ಬಾರ್ಡರ್‌ಗೆ ಹೋಗುವುದು.

ಮಜಾ ಇರುವುದೇ ತಿರುವುಗಳಲ್ಲಿ. ಸ್ಟೀರಿಂಗ್ ನೇರವಾಗಿರುವಾಗಲೇ ಬ್ರೇಕ್ ಮುಗಿಸಿ, ಸೆಕೆಂಡ್ ಗೇರ್‌ಗೆ ಇಳಿಸಿ. ತಿರುವಿನ ಕೊನೆ ಕಣ್ಣಿಗೆ ಬೀಳುತ್ತಿದ್ದಂತೆ ಆಕ್ಸಿಲರೇಟರ್ ಮೆಲ್ಲಗೆ ಒತ್ತುತ್ತಾ ಬನ್ನಿ. ಭಾರ ಹಿಂದಿನ ಚಕ್ರಗಳಿಗೆ ಸರಿದು, ಕಾರು ನೆಲ ಕಚ್ಚಿಕೊಂಡು ಹೊರಬರುತ್ತದೆ. ಅದು ನಿಮ್ಮ ಬೆನ್ನಿಗೇ ಗೊತ್ತಾಗುತ್ತದೆ! ಆ ಸುಖಕ್ಕಾಗಿಯೇ ನಾನು ಮತ್ತೆ ಮತ್ತೆ ಹೋಗುವುದು.

ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ. ಹತ್ತುವ ಗೇರ್‌ನಲ್ಲೇ ಇಳಿಯಿರಿ. ಕಿರಿದಾದ ಕಡೆ ಏರಿ ಬರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು, ನಿಯಮವೇ ಇದೆ. ಕಾಣದ ತಿರುವಿನಲ್ಲಿ ಹಾರ್ನ್ ಹೊಡೆದು ಎಡಕ್ಕೇ ಇರಿ. ಆಚೆ ಬಸ್ಸಿರಬಹುದು, ದನ ಮಲಗಿರಬಹುದು.

ಕುದುರೆಮುಖ ದಾಟಿದ ಮೇಲೆ ರಾಷ್ಟ್ರೀಯ ಉದ್ಯಾನ. ಅಲ್ಲಿ ದಯವಿಟ್ಟು ವೇಗ ಬಿಡಿ, ಕಡವೆಗಳು ಓಡಾಡುವ ಜಾಗ. ಅದು ಅವುಗಳ ಮನೆ.

ಮಳೆಗಾಲ ಮುಗಿಯಲಿ. ಪೆಟ್ರೋಲ್ ಕಳಸದಲ್ಲೇ ತುಂಬಿಸಿಕೊಳ್ಳಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅನ್ನುವುದನ್ನು ಮನೆಯವರಿಗೆ ಹೇಳಿಯೇ ಹೊರಡಿ. ಕಾಡಿನ ನಡುವೆ ಫೋನ್ ಸಿಗುವುದಿಲ್ಲ.