'ಕಟ್' ಬಂದಲ್ಲೆಲ್ಲ 'ಕತ್ತರಿಸಿ' ಎಂದು ಬರೆದರೆ ಏನಾಗುತ್ತದೆ

ನುಗ್ಗೆ ಬೇಸಾಯದ ಇಂಗ್ಲಿಷ್ ಕರಪತ್ರವನ್ನು ಕನ್ನಡಕ್ಕೆ ತರುತ್ತಾ 'ಕಟ್' ಬಂದಲ್ಲೆಲ್ಲ 'ಕತ್ತರಿಸಿ' ಎಂದು ಹಾಕಿದ್ದೀರಿ. ಓದಿದವರು ಗೊಂದಲ ಎನ್ನುತ್ತಿದ್ದಾರೆ, ಬೇರೆ ಪದಗಳಿದ್ದರೆ ಹೇಳಿ ಎಂದು ಕೇಳಿದ್ದೀರಿ. ಪದಗಳಿಗೆ ಬರವಿಲ್ಲ, ಆದರೆ ಬರೀ ಪಟ್ಟಿ ನಿಮ್ಮ ತೊಡಕು ಬಿಡಿಸದು. ಇಂಗ್ಲಿಷಿನ 'ಕಟ್' ಒಂಟಿಯಾಗಿ ಏನನ್ನೂ ಪೂರ್ತಿ ಹೇಳುವುದಿಲ್ಲ. ಅದರ ಬೆನ್ನಿಗೆ ಬರುವ ಬ್ಯಾಕ್, ಡೌನ್, ಆಫ್, ಔಟ್, ಅಪ್ ಎಂಬ ಚಿಲ್ಲರೆ ಪದಗಳಲ್ಲೇ ಅರ್ಥ ಅಡಗಿರುತ್ತದೆ. ನಮ್ಮಲ್ಲಿ ಏನನ್ನು, ಯಾವ ಆಯುಧದಿಂದ, ಯಾಕಾಗಿ ಎಂಬುದರ ಮೇಲೆ ಕ್ರಿಯಾಪದವೇ ಬದಲಾಗುತ್ತದೆ. ಹಾಗಾಗಿ ಮೊದಲು ಚಿಲ್ಲರೆ ಪದ ನೋಡಿ, ಆಮೇಲೆ ಬೆಳೆ ನೋಡಿ, ಕೊನೆಗೆ ಕನ್ನಡ ಪದ ಹಾಕಿ.

ನಿಮ್ಮ ಅನುವಾದದಲ್ಲಿ ನಿಜವಾಗಿ ನಷ್ಟ ಮಾಡುವ ತಪ್ಪು ಇರುವುದು 'ಕಟ್ ಬ್ಯಾಕ್ ಟು 90 ಸೆಂ.ಮೀ.' ಎಂಬಲ್ಲಿ. '90 ಸೆಂ.ಮೀ. ಕತ್ತರಿಸಿ' ಎಂದು ಬರೆದಿದ್ದೀರಿ. ಓದಿದ ರೈತ ತುದಿಯಿಂದ ಮೂರಡಿ ತೆಗೆದು ಸುಮ್ಮನಾಗುತ್ತಾನೆ. ಮೂಲ ಹೇಳಿದ್ದು ನೆಲದಿಂದ 90 ಸೆಂ.ಮೀ. ಉಳಿಸಿಕೊಂಡು ಮೇಲಿನದೆಲ್ಲ ತೆಗೆಯಿರಿ ಎಂದು. ತುದಿ ಮಾತ್ರ ಹೋದ ನುಗ್ಗೆ ಮೇಲ್ಗಡೆಯೇ ಚಿಗುರುತ್ತದೆ, ಮುಂದಿನ ಕಾಯಿ ಕೈಗೆಟುಕದ ಎತ್ತರಕ್ಕೆ ಹೋಗುತ್ತದೆ. 'ಟು' ಇದ್ದರೆ ಅದು ಉಳಿಸುವ ಅಳತೆ, 'ಬೈ' ಇದ್ದರೆ ತೆಗೆಯುವ ಅಳತೆ. 'ಬೈ ಎ ಥರ್ಡ್' ಎಂದರೆ ಮೂರರಲ್ಲಿ ಒಂದು ಪಾಲು ತೆಗೆಯುವುದು. 'ಟು ಎ ಥರ್ಡ್' ಎಂದರೆ ಒಂದು ಪಾಲು ಉಳಿಸಿ ಎರಡು ಪಾಲು ತೆಗೆಯುವುದು. ಕನ್ನಡದಲ್ಲಿ ಯಾವಾಗಲೂ 'ಎಲ್ಲಿಂದ ಅಳೆದು, ಎಷ್ಟು ಉಳಿಸಿ' ಎಂದೇ ಬರೆಯಿರಿ, ಅನುಮಾನಕ್ಕೆ ಎಡೆಯೇ ಇರುವುದಿಲ್ಲ.

ಇದೇ ಜಾತಿಯ ಇನ್ನೊಂದು ಸಾಲು 'ಕಟ್ ಬ್ಯಾಕ್ ಟು ಎ ಬಡ್'. 'ಮೊಗ್ಗಿನವರೆಗೆ ಕತ್ತರಿಸಿ' ಎಂದರೆ ಜನ ಹೂಮೊಗ್ಗು ಹುಡುಕುತ್ತಾರೆ. ಇಲ್ಲಿ ಬಡ್ ಎಂದರೆ ಕಬ್ಬಿನಲ್ಲಿ ನಾವು ಹೇಳುವ 'ಕಣ್ಣು', ಚಿಗುರೊಡೆಯುವ ಜಾಗ. ಗುಲಾಬಿಯಲ್ಲಾದರೆ ಹೊರಮುಖವಾಗಿರುವ ಕಣ್ಣಿನ ಮೇಲೆ ಅರ್ಧ ಸೆಂ.ಮೀ. ಬಿಟ್ಟು, ಕಣ್ಣಿನಿಂದ ಆಚೆಗೆ ಇಳಿಜಾರಾಗುವಂತೆ ಓರೆಯಾಗಿ ಕತ್ತರಿಸಬೇಕು. ಹೆಚ್ಚು ಬಿಟ್ಟರೆ ಆ ಮೋಟು ಒಣಗಿ ಕೊಳೆ ಕೆಳಗಿಳಿಯುತ್ತದೆ, ತೀರಾ ಒತ್ತಿ ಕತ್ತರಿಸಿದರೆ ಕಣ್ಣೇ ಒಣಗುತ್ತದೆ.

ಉಳಿದ ಜೋಡಿಗಳು ಇಷ್ಟು ಅಪಾಯದವಲ್ಲ. 'ಕಟ್ ಡೌನ್' ಜೊತೆ ಮರ ಇದ್ದರೆ ಬುಡಕ್ಕೆ ಕಡಿಯುವುದು, 'ಕಟ್ ಡೌನ್ ಆನ್ ಯೂರಿಯಾ' ಎಂದಿದ್ದರೆ ಕಡಿಮೆ ಮಾಡುವುದು. ನೀರಿನ ಮಾತಿನಲ್ಲಿ 'ಕಟ್ ಬ್ಯಾಕ್' ಎಂದರೆ ಕಡಿಮೆ ಮಾಡಿ, 'ಕಟ್ ಆಫ್' ಎಂದರೆ ಪೂರ್ತಿ ನಿಲ್ಲಿಸಿ. ರೋಗದ ಕೊಂಬೆಗೆ 'ಕಟ್ ಔಟ್' ಎಂದರೆ ಮೋಟು ಬಿಡದೆ ಹುಟ್ಟಿದ ಜಾಗದಿಂದಲೇ ತೆಗೆಯುವುದು. ಅದೇ ಪದ ಪಂಪಿನ ಪ್ರೆಷರ್ ಸ್ವಿಚ್ ಕೈಪಿಡಿಯಲ್ಲಿ ಬಂದರೆ ಮೋಟರ್ ತಾನಾಗಿ ನಿಲ್ಲುವ ಒತ್ತಡ, 'ಕಟ್ ಇನ್' ಎಂದರೆ ಶುರುವಾಗುವ ಒತ್ತಡ. 'ಕಟ್ ಎ ಟ್ರೆಂಚ್' ಎಂದರೆ ಕಾಲುವೆ ತೋಡುವುದು. ಇವುಗಳಲ್ಲಿ ಹೆಚ್ಚಿನವಕ್ಕೆ ಕತ್ತರಿಯ ಕೆಲಸವೇ ಇಲ್ಲ!

ವ್ಯಾಕರಣದ್ದೂ ಒಂದು ಕಾಟವಿದೆ. 'ಕಟ್' ಮೂರು ಕಾಲಕ್ಕೂ ಒಂದೇ ರೂಪ. 'ಕಟ್ ಲೀವ್ಸ್' ಎಂದರೆ 'ಎಲೆ ಕತ್ತರಿಸಿ' ಎಂಬ ಆದೇಶವೂ ಆಗಬಹುದು, 'ಕತ್ತರಿಸಿದ ಎಲೆಗಳು' ಎಂಬ ಹೆಸರೂ ಆಗಬಹುದು. ವಾಕ್ಯದಲ್ಲಿ ಬೇರೆ ಕ್ರಿಯಾಪದ ಇದೆಯೇ ನೋಡಿ, ಇದ್ದರೆ ಸಾಮಾನ್ಯವಾಗಿ ಎರಡನೆಯದು. ಮೇವಿನ ಹುಲ್ಲಿನಲ್ಲಿ 'ಫಸ್ಟ್ ಕಟ್' ಎಂದರೆ ಮೊದಲ ಕೊಯ್ಲು.

ಇನ್ನು ಸಮಾನಾರ್ಥಕಗಳು. ನಿಘಂಟಿನಲ್ಲಿ ಒಂದೇ ಸಾಲಿನಲ್ಲಿದ್ದರೂ ತೋಟದಲ್ಲಿ ಅವು ಒಂದೇ ಅಲ್ಲ. 'ಪ್ರೂನ್' ಎಂದರೆ ಮುಂದಿನ ಫಸಲಿಗಾಗಿ ಲೆಕ್ಕ ಹಾಕಿ ತೆಗೆಯುವುದು, ನಮ್ಮ 'ಸವರುವುದು' ಹೊಂದುತ್ತದೆ. ವಿಜಯಪುರ, ಬಾಗಲಕೋಟೆಯ ದ್ರಾಕ್ಷಿ ಬೆಳೆಗಾರರಿಗಾದರೆ 'ಚಾಟ್ನಿ' ಎಂದೇ ಬರೆಯಿರಿ. 'ಟ್ರಿಮ್' ಬೇಲಿ ಗಿಡದ ಅಂಚು ಸಮ ಮಾಡಿದಷ್ಟು ಹಗುರ ಕೆಲಸ. 'ಲಾಪ್' ದೊಡ್ಡ ಕೊಂಬೆಗಳಿಗೆ. ಕಾಫಿ ತೋಟದ ನೆರಳಿನ ಮರಕ್ಕೆ ಇದನ್ನೇ 'ಮರಗಸಿ' ಎನ್ನುತ್ತಾರೆ. ಬಯಲುಸೀಮೆಯ ಓದುಗರಿಗೆ ಆ ಪದ ಬೇಡ, ಅವರಿಗೆ ಕಸಿ ಎಂದರೆ ಗಿಡಕ್ಕೆ ಗಿಡ ಕೂಡಿಸುವುದು. 'ಪಿಂಚ್' ಹಿಸುಕುವುದಲ್ಲ, ಕುಡಿ ಚಿವುಟುವುದು. 'ಥಿನ್' ಸಸಿಗಳಿಗೆ ಹೇಳಿದ್ದರೆ ಒತ್ತಾಗಿರುವುದನ್ನು ಕಿತ್ತು ತೆಳುವು ಮಾಡುವುದು. 'ಫೆಲ್' ಮರ ಕೆಡಹುವುದಕ್ಕೆ ಮಾತ್ರ, ಆದರೆ 'ಬಿತ್ತು' ಎಂಬುದಕ್ಕೂ ಇಂಗ್ಲಿಷಿನಲ್ಲಿ ಅದೇ ರೂಪ. ಹಾಗಾಗಿ 'ದ ಟ್ರೀ ಫೆಲ್' ಎಂದರೆ ಮರ ತಾನೇ ಬಿತ್ತು.

ಕನ್ನಡದ ಕಡೆಯಿಂದ: ಭತ್ತ, ರಾಗಿ, ಹುಲ್ಲು ಕೊಯ್ಯುತ್ತೇವೆ. ಕಬ್ಬು, ಮರ, ಸೊಪ್ಪು ಕಡಿಯುತ್ತೇವೆ. ಹತ್ತಿ ಬಿಡಿಸುತ್ತೇವೆ, ಸೌದೆ ಸೀಳುತ್ತೇವೆ, ತರಕಾರಿ ಹೆಚ್ಚುತ್ತೇವೆ. ನನ್ನ ಪ್ರಕಾರ 'ಕತ್ತರಿಸು' ಕತ್ತರಿ ಅಥವಾ ಸಿಕೇಟರ್ (ಗಿಡ ಸವರುವ ಕತ್ತರಿ) ಕೈಯಲ್ಲಿದ್ದಾಗ ಮಾತ್ರ ಸರಿ. ಪದ ಬದಲಾದರೆ ಆಯುಧವೂ ತಾನಾಗಿ ಹೊಳೆಯುತ್ತದೆ. 'ಕಬ್ಬು ನೆಲಮಟ್ಟಕ್ಕೆ ಕಡಿಯಿರಿ' ಎಂದರೆ ಕತ್ತಿ ಎಂದು ಯಾರಿಗೂ ಹೇಳಬೇಕಿಲ್ಲ. ನೆಲಮಟ್ಟ ಯಾಕೆಂಬುದನ್ನು ಮಾತ್ರ ಸೇರಿಸಿ: ಎತ್ತರದ ಮೋಟು ಬಿಟ್ಟರೆ ಕೂಳೆ ಬೆಳೆಯ (ಕಡಿದ ಬುಡದಿಂದಲೇ ಮತ್ತೆ ಬರುವ ಬೆಳೆಯ) ಚಿಗುರು ಮಣ್ಣಿನ ಮೇಲಿನ ಕಣ್ಣಿನಿಂದ ಬಂದು ಬೇರು ಊರದೆ ಸೊರಗುತ್ತದೆ.

ನಿಮ್ಮ ನುಗ್ಗೆ ಕರಪತ್ರದ ಮೂರು ಸಾಲುಗಳನ್ನು ಹೀಗೆ ಮಾಡಬಹುದು:

ಗಿಡ 75 ಸೆಂ.ಮೀ. ಎತ್ತರಕ್ಕೆ ಬಂದಾಗ ತುದಿಯ ಕುಡಿ ಚಿವುಟಿ, ಪಕ್ಕದ ರೆಂಬೆಗಳು ಹೊರಡುತ್ತವೆ.

ಕಾಯಿ ಕೊಯ್ಲು ಮುಗಿದ ಮೇಲೆ ನೆಲದಿಂದ 90 ಸೆಂ.ಮೀ. ಕಾಂಡ ಉಳಿಸಿ ಮೇಲಿನದನ್ನು ಗರಗಸದಿಂದ ಕೊಯ್ಯಿರಿ.

ಕೊಯ್ದ ಬಾಯಿಗೆ ಬೋರ್ಡೋ ಮುಲಾಮು ಹಚ್ಚಿ (1 ಲೀಟರ್ ನೀರಿಗೆ ಮೈಲುತುತ್ತು 100 ಗ್ರಾಂ, ಸುಣ್ಣ 100 ಗ್ರಾಂ).

ಮೂರನೆಯದರಲ್ಲಿ ಮೂಲದ 'ದ ಕಟ್' ಕ್ರಿಯಾಪದವೇ ಅಲ್ಲ, ಗಾಯದ ಹೆಸರು. ನೀವು 'ಕತ್ತರಿಸಿ ಮುಲಾಮು ಹಚ್ಚಿ' ಎಂದಿದ್ದರಿಂದ ಇನ್ನೊಮ್ಮೆ ಕತ್ತರಿಸಬೇಕೇನೋ ಎಂದು ಓದಿದವರಲ್ಲಿ ಇಬ್ಬರು ಕೇಳಿದ್ದಾರೆ.