ಹಾರುವ ಮುನ್ನ ಪೈಲಟ್ ವಿಮಾನಕ್ಕೆ ಸುತ್ತು ಬರುವುದು ಬರೀ ಶಾಸ್ತ್ರಕ್ಕೋ?

ಮಾಕುಟ್ಟ ಘಾಟಿ ಇಳಿದು ಕಣ್ಣೂರಿನಲ್ಲಿ ವಿಮಾನ ಹತ್ತುವ ವಿರಾಜಪೇಟೆಯವರೊಬ್ಬರು ಕೇಳಿದ ಪ್ರಶ್ನೆ ಇದು. ಖಂಡಿತ ಶಾಸ್ತ್ರಕ್ಕಲ್ಲ.

1996ರ ಅಕ್ಟೋಬರ್ 2ರ ರಾತ್ರಿ ಲಿಮಾದಿಂದ ಏರೋಪೆರುವಿನ ಬೋಯಿಂಗ್ 757 ಹೊರಟಿತು. ವಿಮಾನ ತೊಳೆಯುವಾಗ, ಹೊರಗಿನ ಗಾಳಿಯೊತ್ತಡ ಗ್ರಹಿಸುವ ಪುಟ್ಟ ರಂಧ್ರಗಳಾದ ಸ್ಟ್ಯಾಟಿಕ್ ಪೋರ್ಟ್‌ಗಳಿಗೆ ಅಂಟಿಸಿದ್ದ ಟೇಪನ್ನು ಯಾರೂ ಕಿತ್ತಿರಲಿಲ್ಲ. ಪೈಲಟ್ ಕಣ್ಣಿಗೂ ಬೀಳಲಿಲ್ಲ. ಮೇಲೇರಿದ ಮೇಲೆ, ಆ ಒತ್ತಡದಿಂದಲೇ ಲೆಕ್ಕ ಸಿಗುವ ಎತ್ತರ, ವೇಗ ಎರಡೂ ಸುಳ್ಳು. ನೆಲದ ಕಂಟ್ರೋಲರ್ ಹೇಳುತ್ತಿದ್ದ ಎತ್ತರವಾದರೂ ಅದೇ ವಿಮಾನ ಕಳಿಸುತ್ತಿದ್ದದ್ದು! ಕೆಳಗೆ ಕಗ್ಗತ್ತಲ ಕಡಲು. ಒಳಗಿದ್ದ 70 ಮಂದಿಯೂ ಸತ್ತರು.

2005ರಲ್ಲಿ ಹೀಲಿಯೋಸ್ ವಿಮಾನದ್ದೂ ಇಂಥದೇ ಮರೆವು: ಒಳಗಿನ ಗಾಳಿಯೊತ್ತಡದ ಸ್ವಿಚ್ ತಪಾಸಣೆಯ ಬಳಿಕ ‘ಮ್ಯಾನುಯಲ್’ನಲ್ಲೇ ಉಳಿದಿತ್ತು, ಅಂದರೆ ಒತ್ತಡ ತಾನಾಗಿ ಹೊಂದಿಕೊಳ್ಳಲಿಲ್ಲ; ಮೇಲೇರಿದಂತೆ ಉಸಿರಿಗೆ ಗಾಳಿ ಸಾಲದೆ ಪೈಲಟ್‌ಗಳು ಪ್ರಜ್ಞೆ ತಪ್ಪಿದರು, 121 ಜೀವ ಹೋಯಿತು.

ನನ್ನ ಪ್ರಕಾರ, ಇಂಥ ರಂಧ್ರಗಳನ್ನು ಮುಚ್ಚಲು ಕೆಂಪು ಪಟ್ಟಿ ತೂಗುವ ಮುಚ್ಚಳವನ್ನಲ್ಲದೆ ಬೇರೇನನ್ನೂ ಬಳಸಕೂಡದು.