ಹೆರಿಗೆ ವೇಳೆ ಮಗುವಿಗೆ ಆಮ್ಲಜನಕ ಕಡಿಮೆಯಾಗುವ ಅಪಾಯ ಯಾರಿಗೆ ಹೆಚ್ಚು?

ಅತ್ತಿಗೆಯ ಮಗು ಹುಟ್ಟಿದ ಕೂಡಲೇ ಅಳಲಿಲ್ಲ, ಮಿದುಳಿಗೆ ಆಮ್ಲಜನಕ ಸಾಲಲಿಲ್ಲ ಅಂದರು, ನನಗೀಗ ಏಳು ತಿಂಗಳು, ನನಗೂ ಹೀಗಾಗಬಹುದಾ ಅಂತ ಕೇಳಿದ್ದೀರಿ. ನಾನು ಜಿಲ್ಲಾ ಆಸ್ಪತ್ರೆಯೊಂದರ ನವಜಾತ ಶಿಶು ಘಟಕದಲ್ಲಿ ಮಕ್ಕಳ ವೈದ್ಯೆ. ಅತ್ತಿಗೆಗೂ ನಿಮಗೂ ರಕ್ತಸಂಬಂಧವೇ ಇಲ್ಲವಲ್ಲ, ಆ ಭಯ ಮೊದಲು ಬಿಡಿ. ಗ್ರಹಣ, ಪಪ್ಪಾಯ ಇವೂ ಲೆಕ್ಕಕ್ಕಿಲ್ಲ.

ಲೆಕ್ಕಕ್ಕೆ ಬರುವುದು ನಿಮ್ಮ ತಾಯಿ ಕಾರ್ಡಿನಲ್ಲೇ ಇರುತ್ತದೆ. ಬಿ.ಪಿ. ಏರಿದೆಯಾ, ಶುಗರ್ ಇದೆಯಾ, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದೆಯಾ, ಮಗುವಿನ ಬೆಳವಣಿಗೆ ಹಿಂದೆ ಬಿದ್ದಿದೆಯಾ, ಅವಳಿಯಾ, ಮಗು ಅಡ್ಡ ಅಥವಾ ಉಲ್ಟಾ ಇದೆಯಾ, ಹಿಂದೆ ಸಿಸೇರಿಯನ್ ಆಗಿದೆಯಾ. 41 ವಾರ ದಾಟಿದರೂ ಅಪಾಯ ಏರುತ್ತದೆ.

ಇವು ಯಾಕೆ ತೊಂದರೆ ಕೊಡುತ್ತವೆ ಅಂದರೆ, ಹೊಟ್ಟೆಯೊಳಗಿನ ಮಗುವಿಗೆ ಆಮ್ಲಜನಕ ಬರುವುದು ಮಾಸಿನ ಮೂಲಕ. ಪ್ರತಿ ನೋವಿಗೂ ಗರ್ಭಕೋಶ ಬಿಗಿದು, ಮಾಸಿಗೆ ಹರಿಯುವ ರಕ್ತ ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ. ನೋವು ಇಳಿದಾಗ ಮಗು ಸುಧಾರಿಸಿಕೊಳ್ಳುತ್ತದೆ, ಹೊಳೆಯಲ್ಲಿ ಮುಳುಗು ಹಾಕಿ ಎದ್ದು ಉಸಿರೆಳೆದ ಹಾಗೆ. ಬಿ.ಪಿ.ಯಿಂದ ಮಾಸು ಮೊದಲೇ ಸೊರಗಿದ್ದರೆ ಮಗು ಬೇಗ ದಣಿಯುತ್ತದೆ. ಮಾಸು ಚೆನ್ನಾಗಿದ್ದರೂ ನಡುವೆ ಬಿಡುವೇ ಸಿಗದಿದ್ದರೆ ಅದೇ ಗತಿ. ಹತ್ತು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ನೋವು ಬಂದರೆ ಅತಿಯಾಯಿತು ಅಂತಲೇ ಅರ್ಥ. ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್ಪನ್ನು ಹನಿ ಎಣಿಸಿ, ಮಗುವಿನ ಎದೆಬಡಿತ ಕೇಳುತ್ತಾ ಕೊಡಬೇಕಾದ್ದು ಇದಕ್ಕೇ. 'ಬೇಗ ಆಗಲಿ, ಇಂಜೆಕ್ಷನ್ ಹಾಕಿ ಸಿಸ್ಟರ್' ಅಂತ ಬಾಗಿಲಲ್ಲಿ ನಿಂತು ಒತ್ತಾಯಿಸುವ ಮನೆಯವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಹೊಟ್ಟೆಯ ಮೇಲೆ ಒತ್ತಿ ಮಗುವನ್ನು ತಳ್ಳುವುದೂ ಬೇಡ, ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಶಿಫಾರಸು ಮಾಡುವುದಿಲ್ಲ.

ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160 ಇರಬೇಕು. ನೋವು ಜೋರಾದ ಮೇಲೆ ಕನಿಷ್ಠ ಅರ್ಧ ಗಂಟೆಗೊಮ್ಮೆ, ಮುಕ್ಕುವ ಹಂತದಲ್ಲಿ ಐದು ನಿಮಿಷಕ್ಕೊಮ್ಮೆ ಕೇಳಬೇಕು. ಮನೆಯಲ್ಲೇ ನೀರು ಒಡೆದು ಅದು ಹಸಿರಾಗಿದ್ದರೆ, ರಕ್ತ ಹೋಗುತ್ತಿದ್ದರೆ, ಮಿಸುಕಾಟ ಕಡಿಮೆ ಅನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಕರೆ ಮಾಡಿ. ಕೊರಳಿಗೆ ಬಳ್ಳಿ ಸುತ್ತಿದೆ ಅಂತ ಸ್ಕ್ಯಾನಿಂಗಿನಲ್ಲಿ ಬಂದರೆ ಗಾಬರಿ ಬೇಡ. ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಸುತ್ತಿರುತ್ತದೆ, ಹೆಚ್ಚಿನವು ಆರಾಮಾಗಿ ಹುಟ್ಟುತ್ತವೆ. (ಸೋದರಮಾವನಿಗೂ ಏನೂ ಆಗುವುದಿಲ್ಲ.)

ಆದರೆ ಕಾರ್ಡಿನಲ್ಲಿ ಒಂದೂ ಅಪಾಯ ಬರೆದಿರದ ತಾಯಂದಿರ ಮಕ್ಕಳೂ ನಮ್ಮ ಘಟಕಕ್ಕೆ ಬರುತ್ತವೆ. ಹಾಗಾಗಿ ಎಲ್ಲಿ ಹೆರಿಗೆ ಅನ್ನುವುದೇ ದೊಡ್ಡ ಪ್ರಶ್ನೆ. ಮಗು ಉಸಿರಾಡದಿದ್ದರೆ ಒರೆಸಿ, ಬೆನ್ನುಜ್ಜಿ, ಮೊದಲ ಒಂದು ನಿಮಿಷದೊಳಗೆ ಮಾಸ್ಕಿಟ್ಟು ಬ್ಯಾಗಿನಿಂದ ಗಾಳಿ ಕೊಡಲು ಶುರು ಮಾಡಬೇಕು. ಇದನ್ನು ಕಲಿಸಲೆಂದೇ 2009ರಲ್ಲಿ ಕೇಂದ್ರ ಸರ್ಕಾರ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ ಆರಂಭಿಸಿತು. ಆ ನಿಮಿಷ ತಪ್ಪಿದರೆ ಆಮೇಲೆ ನಾವು ಮಾಡಬಹುದಾದ್ದು ಕಡಿಮೆ. ಮಿದುಳಿನ ಹಾನಿ ತಗ್ಗಿಸಲು ಮಗುವಿನ ಮೈಯನ್ನು 72 ಗಂಟೆ ತಂಪಾಗಿಡುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಫಲ ಕೊಟ್ಟಿದೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಹೆಲಿಕ್ಸ್ ಅಧ್ಯಯನದಲ್ಲಿ ಮಾತ್ರ ಲಾಭ ಕಾಣಲಿಲ್ಲ, ತಂಪಾಗಿಟ್ಟ ಮಕ್ಕಳಲ್ಲೇ ಸಾವು ಹೆಚ್ಚಿತ್ತು.

ಹೆರಿಗೆಗೆ ತವರಿಗೆ ಹೋಗುವವರಾದರೆ, ಅಲ್ಲಿನ ವೈದ್ಯರಿಗೆ ನಿಮ್ಮ ಬಿ.ಪಿ. ಹೇಗಿತ್ತು ಅನ್ನುವುದೇ ಗೊತ್ತಿರುವುದಿಲ್ಲ. ಕಾರ್ಡು, ಸ್ಕ್ಯಾನಿಂಗ್ ವರದಿ ಎಲ್ಲ ಒಯ್ದು, ಎಂಟನೇ ತಿಂಗಳಲ್ಲೇ ಒಮ್ಮೆ ತೋರಿಸಿಕೊಳ್ಳಿ. ರಾತ್ರಿ ಹೊತ್ತು ಸಿಸೇರಿಯನ್ ಮಾಡುತ್ತಾರಾ, ಅರಿವಳಿಕೆ ವೈದ್ಯರು ಸಿಗುತ್ತಾರಾ, ಮಗುವಿಗೆ ಬ್ಯಾಗು ಹಿಡಿಯಲು ತರಬೇತಾದವರು ಹೆರಿಗೆ ಕೋಣೆಯಲ್ಲೇ ಇರುತ್ತಾರಾ ಅಂತ ಆಗಲೇ ಕೇಳಿ. ಇಲ್ಲ ಅಂದರೆ, ಮನೆಯಿಂದ ಇನ್ನೊಂದು ಗಂಟೆ ದೂರವಾದರೂ ಇವೆಲ್ಲ ಇರುವ ಆಸ್ಪತ್ರೆಯಲ್ಲೇ ಹೆಸರು ಬರೆಸಿ, ದಿನ ಹತ್ತಿರವಾದಾಗ ಅದೇ ಊರಿನ ನೆಂಟರ ಮನೆಯಲ್ಲಿ ಹೋಗಿ ಉಳಿಯಿರಿ.